ಒಂದು ಅರ್ಜಿ, ಒಂದು ಹಾಸ್ಟೆಲ್ ಸೀಟು: ಶಿಡ್ಲಘಟ್ಟದ ಒಂದೇ ಮನೆಯ ಎರಡು ಕವಲು

ಯುಗಾದಿ ಕಳೆದು ಎರಡು ವಾರ ಆಗಿತ್ತು. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. "ಮೇಡಂ, ಭಾನುವಾರ ನಮ್ಮೂರಿಗೆ ಬರ್ತೀರಾ? ಅಪ್ಪ ಜಮೀನು ಮಾರ್ತೀನಿ ಅಂತ ಕೂತಿದ್ದಾರೆ. ದೊಡ್ಡಪ್ಪನೂ ಬರ್ತಿದ್ದಾರೆ. ನೀವಿದ್ರೆ ನಂಗೆ ಧೈರ್ಯ."

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿ.ಕಾಂ. ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಆದಾಯದ ಅಸಮಾನತೆ ಅನ್ನೋ ಪಾಠವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದು ಒರೆಸಿದ್ದೇನೋ ಲೆಕ್ಕ ಇಲ್ಲ. ಆ ಭಾನುವಾರ ಶಿಡ್ಲಘಟ್ಟ ತಾಲ್ಲೂಕಿನ ಆ ಮನೆಯ ಜಗಲಿಯಲ್ಲಿ ಕೂತು ಕೇಳಿದ ಮೇಲೆ, ಆ ಪಾಠವನ್ನು ಹಿಂದಿನ ಹಾಗೆ ಹೇಳೋಕೆ ಆಗುತ್ತಿಲ್ಲ. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಮನೆಯವರ ಒಪ್ಪಿಗೆ ಕೇಳಿದ್ದೇನೆ. ಹೆಸರು ಹಾಕುವುದಿಲ್ಲ.

ಒಂದೇ ತಾತ. ಒಂದೇ ಊರು, ಒಂದೇ ಜಾತಿ, ಒಂದೇ ಹೊಲ. ಆ ತಾತನ ಮೊಮ್ಮಗ ಒಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ತಿಂಗಳಿಗೆ ಲಕ್ಷ ದಾಟಿದ ಸಂಬಳ. ಮೊಮ್ಮಗಳು, ಅಂದರೆ ನನ್ನ ವಿದ್ಯಾರ್ಥಿನಿ, ಆಗ ದೇವನಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ್ತಿ, ಕೈಗೆ ಸಿಗುತ್ತಿದ್ದದ್ದು 13,369 ರೂಪಾಯಿ. ಇಬ್ಬರ ವಯಸ್ಸಿಗೂ ನಾಲ್ಕೇ ವರ್ಷದ ಅಂತರ. ಇಬ್ಬರೂ ಚೂಟಿ, ಇಬ್ಬರೂ ಮೈಗಳ್ಳರಲ್ಲ. ಹಾಗಾದರೆ ಈ ಕವಲು ಒಡೆದದ್ದು ಎಲ್ಲಿ?

ತಾತನ ಅರ್ಜಿ

ಒಳಮನೆಯಲ್ಲಿ ಒಂದು ತಗಡಿನ ಟ್ರಂಕ್ ಇದೆ. ಹಸಿರು ಬಣ್ಣ ಅರ್ಧ ಹೋಗಿದೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ 37 ಅಂತ ಬರೆದಿದೆ. ಅಜ್ಜಿ ಅದರೊಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ಮಡಿಕೆ ಮಡಿಕೆಗೂ ಹರಿದುಹೋದ, ಸೆಲ್ಲೋಟೇಪ್ ಹಚ್ಚಿದ ಕಾಗದ. ಭೂ ನ್ಯಾಯಮಂಡಳಿಯ ಆದೇಶ. 2 ಎಕರೆ 20 ಗುಂಟೆ.

ತಾತ ಆ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದವರು. ಬೆಳೆದದ್ದರಲ್ಲಿ ಅರ್ಧ ಒಡೆಯರ ಮನೆಗೆ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು, ಉಳುತ್ತಿದ್ದವರು ಫಾರಂ ನಂಬರ್ 7 ತುಂಬಿ ಕೊಟ್ಟರೆ ಅವರ ಹೆಸರಿಗೆ ಬರುವ ಹಾಗಾಯಿತು. ತಾತನಿಗೆ ಓದೋಕೆ ಬರೆಯೋಕೆ ಬರುತ್ತಿರಲಿಲ್ಲ. ಊರಿನ ಮೇಷ್ಟ್ರು ಅರ್ಜಿ ಬರೆದುಕೊಟ್ಟರು, ತಾತ ಹೆಬ್ಬೆಟ್ಟು ಒತ್ತಿದರು. ಶಿಡ್ಲಘಟ್ಟಕ್ಕೆ ಎಷ್ಟು ಸಲ ನಡೆದರೋ ಅಜ್ಜಿಗೆ ನೆನಪಿಲ್ಲ. "ಆ ಕಾಗ್ದ ಬಂದ ದಿನ ನಿಮ್ಮ ತಾತ ಹೊಲಕ್ಕೆ ಹೋಗಿ ಸುಮ್ನೆ ಕೂತ್ಕೊಂಡಿದ್ರಮ್ಮ, ಕೆಲ್ಸನೇ ಮಾಡ್ಲಿಲ್ಲ" ಅಂದರು.

ಈ ಮನೆ ಮೇಲೆದ್ದ ಕಥೆ ಶುರುವಾಗೋದು ಅಲ್ಲಿಂದ. ತಾತ ಮೊದಲೂ ಬೆವರು ಸುರಿಸುತ್ತಿದ್ದರು, ಆಮೇಲೂ ಸುರಿಸಿದರು. ನಡುವೆ ಬದಲಾದದ್ದು ಕಾನೂನು.

ಅಣ್ಣ ತಮ್ಮ

ತಾತನಿಗೆ ನಾಲ್ಕು ಮಕ್ಕಳು, ಇಬ್ಬರು ಗಂಡು, ಇಬ್ಬರು ಹೆಣ್ಣು. ದೊಡ್ಡ ಮಗ ಏಳನೇ ಕ್ಲಾಸು ಊರಲ್ಲಿ ಮುಗಿಸಿ 1982ರಲ್ಲಿ ಟೌನಿನ ಹಿಂದುಳಿದ ವರ್ಗಗಳ ಹಾಸ್ಟೆಲ್ ಸೇರಿದ. ಆ ಟ್ರಂಕ್ ಅವನದು, 37 ಅನ್ನೋದು ಹಾಸ್ಟೆಲ್ ಕೊಟ್ಟ ನಂಬರು. ಮಲಗೋಕೆ ಚಾಪೆ, ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಮುದ್ದೆ ಸಾರು, ಸಂಜೆ ಓದೋಕೆ ಟ್ಯೂಬ್‌ಲೈಟ್. ಊರಲ್ಲಿ ಆಗ ಇವರ ಮನೆಗೆ ಕರೆಂಟೇ ಇರಲಿಲ್ಲ. ಹತ್ತನೇ ಕ್ಲಾಸು ಪಾಸಾಯಿತು. ಆಮೇಲೆ ಪಿಯುಸಿ, ಮೇಷ್ಟ್ರಾಗೋಕೆ ಬೇಕಾದ ಟಿಸಿಎಚ್ ತರಬೇತಿ. ಕೆಲವು ವರ್ಷ ಅಲ್ಲಿ ಇಲ್ಲಿ ಕೂಲಿ. 1996ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು ಕೆಲಸ. ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದ ಕಾಲ ಅದು. ಅಂಕ ನೋಡಿ ಕೆಲಸ ಕೊಟ್ಟರು, ಯಾರಿಗೂ ಕೈ ಬಿಸಿ ಮಾಡಬೇಕಾಗಿರಲಿಲ್ಲ. ಆ ನೇಮಕಾತಿಯಲ್ಲಿ ಬಂದ ಮೇಷ್ಟ್ರುಗಳು ಈಗಲೂ ಅವರ ಹೆಸರು ಹೇಳುವಾಗ ದನಿ ಬದಲಾಗುತ್ತೆ.

ಚಿಕ್ಕ ಮಗ, ಅಂದರೆ ನನ್ನ ವಿದ್ಯಾರ್ಥಿನಿಯ ಅಪ್ಪ, ಹಾಸ್ಟೆಲ್‌ಗೆ ಹೋಗಲಿಲ್ಲ. ಅಣ್ಣ ಹೋದ ಮೇಲೆ ಮನೆಯಲ್ಲಿ ಹುಳ ನೋಡಿಕೊಳ್ಳೋಕೆ ಒಬ್ಬ ಗಂಡು ಆಳು ಬೇಕಿತ್ತು, ಅಷ್ಟೇ. ರೇಷ್ಮೆ ಹುಳ ಸಾಕಿದವರಿಗೆ ಇದು ಗೊತ್ತು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ಹುಳ ತಿನ್ನೋ ತೀನಿಗೆ ರಾತ್ರಿ ಹಗಲು ಲೆಕ್ಕ ಇರಲ್ಲ. ಸೊಪ್ಪು ಕಡಿಯೋರು, ಹೊರೋರು, ಹಾಕೋರು, ಕಸ ತೆಗೆಯೋರು ಎಲ್ಲಾ ಬೇಕು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸೊಪ್ಪು ತಂದು, ಆಮೇಲೆ ನಡೆದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ಫೇಲ್. ಮತ್ತೆ ಕಟ್ಟಲಿಲ್ಲ. ಒಬ್ಬನನ್ನು ಓದಿಸೋಕೆ ಇನ್ನೊಬ್ಬನನ್ನು ಮನೆಯಲ್ಲಿ ಉಳಿಸಿಕೊಂಡರು ಅಂತಲೂ ಹೇಳಬಹುದು. ಯಾರೂ ಹಾಗಂತ ಕೂತು ತೀರ್ಮಾನ ಮಾಡಿರಲಿಲ್ಲ. ಅಕ್ಕತಂಗಿಯರ ಓದಿನ ಮಾತಂತೂ ಎದ್ದೇ ಇರಲಿಲ್ಲ. ಇಬ್ಬರಿಗೂ ಹದಿನೆಂಟಕ್ಕೆ ಮದುವೆ.

ಇಲ್ಲಿ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತೆ. ಅರ್ಥಶಾಸ್ತ್ರಜ್ಞರಾದ ಲೂಕಾ ಶಾಂಸೆಲ್, ತೋಮಾ ಪಿಕೆಟ್ಟಿ ಮತ್ತು ಅವರ ಜೊತೆಗಾರರು ಭಾರತದ ನೂರು ವರ್ಷದ ಆದಾಯದ ಲೆಕ್ಕ ತೆಗೆದಿದ್ದಾರೆ. ದೇಶದ ಆದಾಯದಲ್ಲಿ ತುದಿಯ ಶೇ 1 ಜನರ ಪಾಲು ಎಲ್ಲಕ್ಕಿಂತ ಕಡಿಮೆ ಇದ್ದದ್ದು 1980ರ ದಶಕದ ಮೊದಲ ವರ್ಷಗಳಲ್ಲಿ, ಸುಮಾರು ಶೇ 6. ಈ ಹುಡುಗ ಟ್ರಂಕ್ ಹೊತ್ತು ಹಾಸ್ಟೆಲ್ ಮೆಟ್ಟಿಲು ಹತ್ತಿದ್ದು ಅದೇ ಹೊತ್ತಿನಲ್ಲಿ. 2022-23ಕ್ಕೆ ಆ ಪಾಲು ಶೇ 22.6 ಆಗಿದೆ. ಆಸ್ತಿಯಲ್ಲಿ ಶೇ 40.1. ಅದೇ ತಾತನ ಮೊಮ್ಮಗಳು ಬಿ.ಕಾಂ. ಮುಗಿಸಿ ಕೆಲಸ ಹುಡುಕೋಕೆ ಹೊರಟದ್ದು ಈ ಹೊತ್ತಿನಲ್ಲಿ.

ಅಣ್ಣನ ಮಗ, ತಮ್ಮನ ಮಗಳು

ಮೇಷ್ಟ್ರು ಚಿಕ್ಕಬಳ್ಳಾಪುರಕ್ಕೆ ಬಂದು ಬಾಡಿಗೆ ಮನೆ ಮಾಡಿದರು. 1998ರಲ್ಲಿ ಹುಟ್ಟಿದ ಮಗ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಸಂಬಳ ತಿಂಗಳ ತಿಂಗಳ ಬರುತ್ತಿತ್ತು, ದೊಡ್ಡ ಖರ್ಚು ಬಂದರೆ ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ) ಸಾಲ ಇತ್ತು. ಪಿಯುಸಿಗೆ ದುಬಾರಿ ಕಾಲೇಜು, ಸಿಇಟಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್. ಕ್ಯಾಂಪಸ್‌ನಲ್ಲೇ ಕೆಲಸ. ಅವನು ಒಳ್ಳೇ ಹುಡುಗ, ತಂಗಿ ಮೇಲೆ ಪ್ರೀತಿ ಇದೆ. ಅವನ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳೋಕೆ ಏನೂ ಇಲ್ಲ. ದಾರಿ ಸಲೀಸಾಗಿದ್ದರೆ ಕಥೆಯೂ ಚಿಕ್ಕದಾಗೇ ಇರುತ್ತೆ.

ತಮ್ಮನ ಮನೆಯಲ್ಲಿ ಹಾಗಲ್ಲ. ಹೊಲ ಪೂರ್ತಿ ಅವರೇ ಮಾಡುತ್ತಿದ್ದರು, ಅಣ್ಣ ಪಾಲು ಕೇಳುತ್ತಿರಲಿಲ್ಲ. ಆದರೆ ನೀರು ಕೆಳಗಿಳಿಯುತ್ತಾ ಹೋಯಿತು. ಮೂರು ಕೊಳವೆಬಾವಿ, ಕೊನೆಯದು 1,300 ಅಡಿ, ಮೂರರಲ್ಲಿ ಎರಡು ಒಣಗಿದವು. ಅದರ ಮೇಲೆ 2011. ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾ ನೂಲು ನುಗ್ಗಿತು, ಗೂಡಿನ ಬೆಲೆ ನೆಲ ಕಚ್ಚಿತು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಿದರು ನಿಜ, ಅಷ್ಟರೊಳಗೆ ಈ ಮನೆ ಕೈಸಾಲದಲ್ಲಿ ಮುಳುಗಿತ್ತು. ಅಪ್ಪ ಮಾರುಕಟ್ಟೆಯಿಂದ ಗೂಡು ಮಾರಿ ಬಂದು ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚಿ, ಮಾತಾಡದೆ ಮಲಗಿಬಿಟ್ಟದ್ದು ಅವಳಿಗೆ ಈಗಲೂ ಕಣ್ಣ ಮುಂದಿದೆ. ಅವಳಿಗೆ ಆಗ ಒಂಬತ್ತು ವರ್ಷ.

ಅವಳು ಊರ ಶಾಲೆ, ಪಕ್ಕದೂರ ಹೈಸ್ಕೂಲು. ಒಂಬತ್ತನೇ ಕ್ಲಾಸಿನಲ್ಲಿ ಮುಕ್ಕಾಲು ವರ್ಷ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಆದರೂ 2018ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 82. ಆಸೆ ಇದ್ದದ್ದು ಸೈನ್ಸ್ ಮೇಲೆ. ಹತ್ತಿರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಹುದ್ದೆ ಖಾಲಿ. ಟ್ಯೂಷನ್‌ಗೆ ಟೌನಿನಲ್ಲಿ ವರ್ಷಕ್ಕೆ 40,000 ಕೇಳಿದರು. ಕಾಮರ್ಸ್ ತಗೊಂಡಳು. ಬಿ.ಕಾಂ.ಗೆ ನಮ್ಮ ಕಾಲೇಜಿಗೆ ಬಂದಾಗ ಕೊರೊನಾ. ಮನೆಗೆಲ್ಲ ಒಂದೇ ಫೋನು, ಅದೂ ಹಾಲಿನ ಡೇರಿಗೆ ಹೋಗುವಾಗ ಅಪ್ಪನ ಜೇಬಿನಲ್ಲಿ. ಮಾವಿನ ಮರದ ಕೆಳಗೆ ನಿಂತರೆ ಮಾತ್ರ ಸಿಗ್ನಲ್ ಅಂತ ಅವಳು ಅಲ್ಲಿಂದಲೇ ಕ್ಲಾಸ್ ಕೇಳುತ್ತಿದ್ದಳು. ಹಿಂದೆ ಹಕ್ಕಿ ಕೂಗೋದು ನನಗೆ ಕೇಳಿಸುತ್ತಿತ್ತು.

2023ರಲ್ಲಿ ಪಾಸಾದಳು. ಆ ಬೇಸಿಗೆಯಲ್ಲೇ ಒಬ್ಬ ಲೇಬರ್ ಕಂಟ್ರ್ಯಾಕ್ಟರ್ ಮೂಲಕ ಕಾರ್ಖಾನೆಗೆ ಸೇರಿದಳು. ಸಂಬಳದ ಚೀಟಿ ನನಗೆ ತೋರಿಸಿದಳು. ಒಟ್ಟು 17,400. ಪಿಎಫ್ 1,800, ಇಎಸ್‌ಐ 131, ಕ್ಯಾಂಟೀನ್ 600, ಹಾಸ್ಟೆಲ್ ಮತ್ತು ಬಸ್ಸು 1,500. ಉಳಿದದ್ದು 13,369. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವ ಕಂಪನಿ ಕೆಲಸಗಾರ್ತಿಗೆ ಇದರ ಎರಡರಷ್ಟು. ಅವಳ ಗುರುತಿನ ಚೀಟಿಯ ಕೊರಳಪಟ್ಟಿ ನೀಲಿ, ಇವಳದು ಹಳದಿ. ಹನ್ನೊಂದು ತಿಂಗಳಿಗೊಮ್ಮೆ ಕೆಲಸದಿಂದ ಬಿಡಿಸಿ, ಹದಿನೈದು ದಿನ ಮನೆಗೆ ಕಳಿಸಿ, ಮತ್ತೆ ಹೊಸದಾಗಿ ಸೇರಿಸಿಕೊಳ್ಳುತ್ತಾರೆ. ಎರಡು ವರ್ಷದ ಅನುಭವ ಇದ್ದರೂ ಚೀಟಿಯಲ್ಲಿ ಅವಳು ಯಾವಾಗಲೂ ಹೊಸಬಳೇ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಗುತ್ತಿಗೆ ಕೆಲಸಗಾರರ ಸಿಟ್ಟು ಸಿಡಿದು ದೊಡ್ಡ ಗಲಾಟೆ ಆದದ್ದು ಈ ಕಡೆಯವರಿಗೆಲ್ಲ ನೆನಪಿದೆ. ಗಲಾಟೆ ತಪ್ಪು ಅಂತ ಎಲ್ಲರೂ ಅಂದರು. ಹಳದಿ ಪಟ್ಟಿ ಮಾತ್ರ ಹಾಗೇ ಉಳಿದಿದೆ.

2024ರಲ್ಲಿ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಕರೆದರಲ್ಲ, ಅದಕ್ಕೆ ಇವಳೂ ಓದಿದಳು. ರಾತ್ರಿ ಪಾಳಿ ಮುಗಿಸಿ ಬಂದು, ಎಂಟು ಜನರ ರೂಮಿನಲ್ಲಿ, ಮಂಚದ ಮೇಲಿನ ಅಂತಸ್ತಿನಲ್ಲಿ ಮೊಬೈಲ್ ಬೆಳಕಲ್ಲಿ. ಆಗಲಿಲ್ಲ.

ಜಗಲಿಯ ಮೇಲಿನ ಮಾತು

ಆ ಭಾನುವಾರ ನಾನು ಹೋದಾಗ ಹುಳ ಹಣ್ಣಾಗಿದ್ದವು. ಅಂಥ ದಿನ ಮನೆಗೆ ಯಾರು ಬಂದರೂ ಕೈ ಹಚ್ಚಲೇಬೇಕು. ಹಣ್ಣಾದ ಹುಳ ಮೈಯೆಲ್ಲ ಹಳದಿಗೆ ತಿರುಗಿ, ಒಳಗಿನ ಬೆಳಕು ಕಾಣೋ ಹಾಗೆ ಇರುತ್ತೆ. ತಲೆ ಎತ್ತಿ ಗೂಡು ಕಟ್ಟೋ ಜಾಗ ಹುಡುಕುತ್ತಿರುತ್ತೆ. ತಡ ಮಾಡಿದರೆ ಸಿಕ್ಕ ಕಡೆ ನೂಲು ಸುರಿಸಿ ಹಾಳು ಮಾಡಿಕೊಳ್ಳುತ್ತೆ. ಅವಳು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ತಾನೇ ಬಂದಿದ್ದಳು, ಕಣ್ಣು ಕೆಂಪಗಿತ್ತು. ಆದರೂ ಬೆರಳು ಮಾತ್ರ ಒಂದೊಂದೇ ಹುಳ ಆರಿಸಿ, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡುತ್ತಲೇ ಇತ್ತು. ನಾನೂ ಕೂತೆ. ನಾನು ಹತ್ತು ಆರಿಸುವಷ್ಟರಲ್ಲಿ ಅವಳದು ಐವತ್ತು.

ಮಧ್ಯಾಹ್ನ ಊಟ ಆದ ಮೇಲೆ ಮಾತು ಶುರುವಾಯಿತು. ಬ್ರೋಕರ್ ಒಬ್ಬ ಗುಂಟೆಗೆ ಒಂದು ಲಕ್ಷ ಅಂದಿದ್ದಾನೆ. ಬೆಂಗಳೂರಿನವರು ತೋಟದ ಮನೆ ಮಾಡುತ್ತಾರಂತೆ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಬೇಸಾಯಗಾರರಲ್ಲದವರೂ ಎಷ್ಟೇ ಆದಾಯ ಇದ್ದರೂ ಹೊಲ ಕೊಳ್ಳಬಹುದು, ಹಾಗಾಗಿ ನಂದಿ ಸುತ್ತಮುತ್ತ ಬೇಲಿಗಳು ಏಳುತ್ತಲೇ ಇವೆ. ಆದರೆ ಅವನಿಗೆ ಬಿಡಿ ಗುಂಟೆ ಬೇಡ. ಪೂರ್ತಿ 100 ಗುಂಟೆ ಬೇಕು.

ಅಪ್ಪನ ಲೆಕ್ಕ ಹೀಗಿತ್ತು. ಮಗಳನ್ನು ಬೆಂಗಳೂರಿನ ವಿಜಯನಗರದಲ್ಲಿ ಒಂದು ವರ್ಷ ಕೋಚಿಂಗ್‌ಗೆ ಬಿಡಬೇಕು. ಫೀಸು 60,000, ಪಿ.ಜಿ. ತಿಂಗಳಿಗೆ 8,000, ಪುಸ್ತಕ ಅದು ಇದು ಸೇರಿ 1,80,000. ಸಾಲ ಇನ್ನೆಲ್ಲೂ ಹುಟ್ಟಲ್ಲ. "ಓದಿದೋರ ಮನೆ ನೋಡಿದ್ದೀನಿ ಮೇಡಂ, ಓದದೋನ ಮನೆ ನಂದೇ. ಹೊಲ ಇಟ್ಕೊಂಡು ಏನ್ ಮಾಡ್ಲಿ" ಅಂದರು.

ನಾನು ಕಾಗದ ತಗೊಂಡೆ. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲೇ ಇದೆ, ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯೇ ಆಗಿಲ್ಲ. ಕಾನೂನಿನ ಪ್ರಕಾರ ಅಜ್ಜಿಗೂ ಒಂದು ಪಾಲು ಇದೆ. ಅದನ್ನು ಅವರು ಮಕ್ಕಳಿಗೇ ಬಿಟ್ಟುಕೊಟ್ಟರೂ ಮಾರಿದರೆ ನಾಲ್ಕು ಪಾಲು, ಹೆಣ್ಣುಮಕ್ಕಳಿಗೂ ಸಮ ಪಾಲು ಬರಬೇಕು, ಬರಲೇಬೇಕು. ಅಂದರೆ ಇವರ ಕೈಗೆ 25 ಲಕ್ಷ. ಬ್ಯಾಂಕಿನಲ್ಲಿ ಶೇ 7ಕ್ಕೆ ಇಟ್ಟರೆ ವರ್ಷಕ್ಕೆ 1,75,000. ಈಗ ಹೊಲದಿಂದ ಬರೋದು ಎಷ್ಟು? ವರ್ಷಕ್ಕೆ ಐದು ಬೆಳೆ, ಎಲ್ಲಾ ಕೈಗೆ ಹತ್ತಿದರೆ ಖರ್ಚು ಕಳೆದು ಒಂದೂವರೆ ಲಕ್ಷ, ಜೊತೆಗೆ ಎರಡು ಹಸುವಿನ ಹಾಲು. ಒಂದು ಬೆಳೆಗೆ ಹಾಲುತೊಂಡೆ ರೋಗ ಬಂದರೆ ಅಷ್ಟೂ ತಿಪ್ಪೆಗೆ. ಸುಮ್ಮನೆ ಅಂಕಿ ನೋಡಿದರೆ ಮಾರೋದೇ ವಾಸಿ ಅನಿಸುತ್ತೆ. ನನಗೂ ಒಂದು ಕ್ಷಣ ಹಾಗೇ ಅನಿಸಿತು. ಆದರೆ ಈ ಇಬ್ಬರು ಗಂಡ ಹೆಂಡತಿಗೆ ವರ್ಷವಿಡೀ ಕೆಲಸ ಕೊಡುತ್ತಿರೋದು ಆ ಹೊಲ. ಅದು ಹೋದರೆ ಐವತ್ತು ದಾಟಿದವರು ಕೂಲಿಗೆ ಹೋಗಬೇಕು. ಇನ್ನು ಕೋಚಿಂಗ್‌ಗೆ ಹೋದವರಿಗೆಲ್ಲ ಕೆಲಸ ಸಿಗುತ್ತಾ? ನಮ್ಮ ಕಾಲೇಜಿನಿಂದ ಹೋದ ಮಕ್ಕಳಲ್ಲಿ ನಾಲ್ಕೈದು ವರ್ಷ ಅಲ್ಲೇ ಉಳಿದು, ವಯಸ್ಸು ಮೀರಿ, ವಾಪಸ್ ಬಂದವರು ನನಗೆ ಗೊತ್ತು.

ಆಗ ದೊಡ್ಡಪ್ಪ ಒಂದು ಮಾತು ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. "ನಾನು ಓದೋವಾಗ ಅಪ್ಪ ನಂಗೆ ಒಂದು ರೂಪಾಯಿ ಕೊಟ್ಟಿಲ್ಲ. ಕೊಡೋಕೆ ಇರಲೂ ಇಲ್ಲ. ನಾನು ಓದಲಿಲ್ವಾ? ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ ಓದ್ಬೋದು."

ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗಿ ಮೆಲ್ಲಗೆ ಕೇಳಿದಳು, "ದೊಡ್ಡಪ್ಪ, ನಿಮ್ ಹಾಸ್ಟೆಲ್‌ಗೆ ಫೀಸ್ ಎಷ್ಟಿತ್ತು?"

"ಫೀಸಾ? ಏನೂ ಇರ್ಲಿಲ್ಲ."

"ಟಿಸಿಎಚ್ ಮಾಡೋಕೆ ಕೋಚಿಂಗ್ ತಗೊಂಡ್ರಾ?"

"ಆಗ ಕೋಚಿಂಗ್ ಎಲ್ಲಿತ್ತು? ಮಾರ್ಕ್ಸ್ ನೋಡಿ ಕೊಟ್ರು."

"ಕೆಲ್ಸ ಹನ್ನೊಂದು ತಿಂಗಳಿಗಾ?"

ಅವರು ಉತ್ತರ ಹೇಳಲಿಲ್ಲ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಅದೂ ನಿಜಾನೇ ಕಣಮ್ಮ" ಅಂದರು.

ಈ ಪ್ರಕರಣದಲ್ಲಿ ನನಗೆ ಕಂಡ ಮುಖ್ಯ ವಿಷಯ ಇದೇ. ತಾತ ಮತ್ತು ದೊಡ್ಡಪ್ಪ ಹತ್ತಿದ ಏಣಿಗೆ ಮೂರು ಮೆಟ್ಟಿಲು. ಒಂದು ಅರ್ಜಿ, ಒಂದು ಹಾಸ್ಟೆಲ್ ಸೀಟು, ಒಂದು ಕಾಯಂ ಕೆಲಸ. ಮೂರನ್ನೂ ಸರ್ಕಾರ ಇಟ್ಟಿತ್ತು, ಮೂರನ್ನೂ ಈ ಮನೆ ಪೇಟೆ ಬೆಲೆಗೆ ಕೊಂಡಿರಲಿಲ್ಲ. ಅವರ ಶ್ರಮ ದೊಡ್ಡದು, ಅದನ್ನು ಯಾರೂ ಕಡಿಮೆ ಮಾಡೋಕಾಗಲ್ಲ. ಆದರೆ ಕಾಲಿಡೋಕೆ ಮೆಟ್ಟಿಲು ಇತ್ತು. ಅದೇ ಮೆಟ್ಟಿಲುಗಳಿಗೆ ಇವತ್ತು ಬೆಲೆ ಚೀಟಿ ಅಂಟಿಸಿದ್ದಾರೆ. ಟ್ಯೂಷನ್ 40,000, ಕೋಚಿಂಗ್ 60,000, ಪಿ.ಜಿ. 8,000. ದುಡ್ಡಿರೋ ಮನೆಗೆ ಇದು ಕಾಣೋದೇ ಇಲ್ಲ. ಇಲ್ಲದ ಮನೆಯಲ್ಲಿ ತಾತನ ಜಮೀನು ಮಾರಿ ಮೊಮ್ಮಗಳ ಮೆಟ್ಟಿಲು ಕೊಳ್ಳೋ ಮಾತು ಬರುತ್ತೆ.

ನಮ್ಮಲ್ಲಿ ಸಾಹುಕಾರರನ್ನು ನೋಡಿ, ಏಳು ತಲೆಮಾರು ಕೂತು ತಿಂದರೂ ಕರಗಲ್ಲ ಅಂತಾರೆ. 2018ರಲ್ಲಿ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಸಂಸ್ಥೆ ಇನ್ನೊಂದು ಏಳು ತಲೆಮಾರಿನ ಲೆಕ್ಕ ಕೊಟ್ಟಿತು. ತೀರಾ ಕೆಳಗಿನ ಶೇ 10ರಲ್ಲಿರುವ ಒಂದು ಕುಟುಂಬ ಆ ದೇಶದ ಸರಾಸರಿ ಆದಾಯಕ್ಕೆ ಬಂದು ಮುಟ್ಟೋಕೆ ಎಷ್ಟು ತಲೆಮಾರು ಬೇಕು ಅಂತ. ಡೆನ್ಮಾರ್ಕಿನಲ್ಲಿ ಎರಡು. ಆ ಸಂಸ್ಥೆಯ ದೇಶಗಳ ಸರಾಸರಿ ನಾಲ್ಕೂವರೆ. ಭಾರತದಲ್ಲಿ ಏಳು.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ 1940ರಲ್ಲಿ ಹುಟ್ಟಿದ ಮಕ್ಕಳಲ್ಲಿ ಶೇ 90ರಷ್ಟು ಮಂದಿ ಅಪ್ಪ ಅಮ್ಮನಿಗಿಂತ ಜಾಸ್ತಿ ದುಡಿದರು, 1980ರ ದಶಕದಲ್ಲಿ ಹುಟ್ಟಿದವರಲ್ಲಿ ಅದು ಅರ್ಧಕ್ಕೆ ಇಳಿಯಿತು ಅಂತ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ತೋರಿಸಿದ್ದಾರೆ. ಭಾರತದ ಚಿತ್ರ ಸ್ವಲ್ಪ ಬೇರೆ, ಅದನ್ನೂ ಹೇಳಬೇಕು. ಆಶರ್, ನೊವೋಸಾದ್, ರಾಫ್ಕಿನ್ ಎಂಬ ಮೂವರು ಸಂಶೋಧಕರು ಓದಿನ ಅಂಕಿ ಇಟ್ಟುಕೊಂಡು ನೋಡಿದಾಗ, ಒಟ್ಟಾರೆ ಏರುವ ಅವಕಾಶ ದಶಕಗಳಿಂದ ಹೆಚ್ಚು ಕಡಿಮೆ ಇದ್ದಲ್ಲೇ ಇದೆ. ಪರಿಶಿಷ್ಟರಲ್ಲಿ ಏರಿದೆ, ಮುಸ್ಲಿಮರಲ್ಲಿ ಇಳಿದಿದೆ. ಮೀಸಲಾತಿ, ಹಾಸ್ಟೆಲ್, ವಿದ್ಯಾರ್ಥಿವೇತನ ಮುಟ್ಟಿದ ಕಡೆ ಏರಿಕೆ ಕಾಣುತ್ತಿದೆ ಅಂತ ನಾನು ಇದನ್ನು ಓದಿಕೊಂಡಿದ್ದೇನೆ. ಶಿಡ್ಲಘಟ್ಟದ ಫಿಲೇಚರ್‌ಗಳಲ್ಲಿ ಬಿಸಿನೀರಿಗೆ ಕೈ ಹಾಕಿ ನೂಲು ತೆಗೆಯುವ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಮಕ್ಕಳೂ ಅದೇ ಕೆಲಸಕ್ಕೆ ಬರೋದನ್ನು ನೋಡಿದಾಗ ಆ ಅಂಕಿಯ ಇನ್ನೊಂದು ಅರ್ಧವೂ ಅರ್ಥವಾಗುತ್ತೆ.

ಏನು ಸರಿ ಮಾಡಬಹುದು

ಮೊದಲು ಈಗ ಇರೋದರ ಬಗ್ಗೆ. ಅವಳ ಅಮ್ಮನಿಗೆ ಗೃಹಲಕ್ಷ್ಮಿ 2,000 ಬರುತ್ತೆ. ಅದರಲ್ಲಿ ಸಂಘದ ಕಂತು ಕಟ್ಟುತ್ತಾರೆ, ಅದರಿಂದ ಮೀಟರ್ ಬಡ್ಡಿಯವನು ಬಾಗಿಲಿಗೆ ಬರೋದು ನಿಂತಿದೆ. ಇದನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರು ಒಂದು ದಿನ ಆ ಮನೆಗೆ ಬಂದು ಕೂರಬೇಕು. ಆದರೆ ಈ ದುಡ್ಡು ಮನೆ ಕೆಳಗೆ ಜಾರದ ಹಾಗೆ ಹಿಡಿಯುತ್ತೆ, ಮೇಲಕ್ಕೆ ಎತ್ತಲ್ಲ. ಎತ್ತೋಕೆ ಬೇರೆಯೇ ಬೇಕು.

ನನ್ನನ್ನು ಕೇಳಿದರೆ ಮೊದಲನೇ ಕೆಲಸ ಹಾಸ್ಟೆಲ್. ಬರಿ ಕಟ್ಟಡ ಅಲ್ಲ, ಅರ್ಜಿ ಹಾಕಿದ ಬಡ ಮಕ್ಕಳಿಗೆಲ್ಲ ಸೀಟು ಸಿಗುವಷ್ಟು. ಪದವಿ, ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೆ ಅಂತೂ ಸೀಟು ಇಲ್ಲ ಅಂದರೆ ಓದೇ ಇಲ್ಲ. ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಮೊದಲ ಎರಡು ತಿಂಗಳಲ್ಲಿ ಹೆಸರು ತೆಗೆಸಿಕೊಂಡು ಹೋಗುವ ಹುಡುಗಿಯರನ್ನು ಕೇಳಿದರೆ ಹೇಳೋದು ಇದನ್ನೇ. ಇಂಥ ಹಾಸ್ಟೆಲ್‌ಗಳಲ್ಲೇ ಸಂಜೆ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೊಟ್ಟರೆ ವಿಜಯನಗರಕ್ಕೆ ಯಾರೂ ಜಮೀನು ಮಾರಿ ಹೋಗಬೇಕಾಗಿಲ್ಲ.

ಎರಡನೆಯದು ಖಾಲಿ ಹುದ್ದೆ. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಹುದ್ದೆ ಖಾಲಿ ಇವೆ. ಒಂಬತ್ತನೇ ಕ್ಲಾಸಿನಲ್ಲಿ ಅವಳಿಗೆ ಗಣಿತದ ಮೇಷ್ಟ್ರು ಇಲ್ಲದೆ ಹೋದದ್ದು, ಪಿಯುಸಿಯಲ್ಲಿ ಭೌತಶಾಸ್ತ್ರ ತಪ್ಪಿದ್ದು ಇದರಿಂದಲೇ, ಈಗ ಅವಳಿಗೆ ಕೆಲಸ ಸಿಗದೆ ಇರೋದೂ ಇದರಿಂದಲೇ. ಒಂದು ಖಾಲಿ ಕುರ್ಚಿ ಎರಡು ಸಲ ಹೊಡೆಯುತ್ತೆ. ಒಂದು ಸಲ ಕಲಿಯೋ ಮಗುವಿಗೆ, ಇನ್ನೊಂದು ಸಲ ಕಲಿಸಬಹುದಾಗಿದ್ದವರಿಗೆ. ನಾನು ಅತಿಥಿ ಉಪನ್ಯಾಸಕಿಯಾಗಿ ವರ್ಷ ವರ್ಷ ಹೊಸ ಆದೇಶಕ್ಕೆ ಕಾಯುತ್ತೇನೆ, ಹಾಗಾಗಿ ಇದನ್ನು ದೂರದಲ್ಲಿ ನಿಂತು ಹೇಳುತ್ತಿಲ್ಲ. 2016ರಲ್ಲಿ ಪಂಜಾಬ್ ಸರ್ಕಾರದ ತಾತ್ಕಾಲಿಕ ನೌಕರರ ಪ್ರಕರಣದಲ್ಲಿ, ಸಮಾನ ಕೆಲಸಕ್ಕೆ ಸಮಾನ ವೇತನ ಅವರಿಗೂ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಕಾರ್ಖಾನೆಗಳ ಮಟ್ಟಿಗೆ, ಗುತ್ತಿಗೆ ಕಾರ್ಮಿಕರ ಕೇಂದ್ರ ನಿಯಮದಲ್ಲಿ 1971ರಿಂದಲೇ, ಕಂಪನಿಯ ಕೆಲಸಗಾರರು ಮಾಡುವ ಅದೇ ಥರದ ಕೆಲಸಕ್ಕೆ ಅದೇ ಕೂಲಿ ಕೊಡಬೇಕು ಅಂತ ಬರೆದಿತ್ತು. ಬರೆದದ್ದನ್ನು ನಡೆಸೋಕೆ ಕಾರ್ಮಿಕ ಇಲಾಖೆಯಲ್ಲಿ ಜನ ಬೇಕು, ರಾತ್ರಿ ಪಾಳಿ ಹೊತ್ತಿಗೆ ಗೇಟಿನೊಳಗೆ ಹೋಗಿ ಸಂಬಳದ ಚೀಟಿ ಕೇಳುವವರು ಬೇಕು. ಜಮೀನು, ನೀರು, ರಿಯಾಯಿತಿ ಪಡೆಯುವ ಕಾರ್ಖಾನೆಗೆ, ಇಷ್ಟು ಕೆಲಸ ಕಾಯಂ ಇರಬೇಕು ಅಂತ ಷರತ್ತು ಹಾಕೋದರಲ್ಲಿ ತಪ್ಪೇನಿದೆ?

ಶಾಲೆಯ ವಿಷಯ ಎಲ್ಲರೂ ಹೇಳುತ್ತಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಯ ಶೇ 25 ಸೀಟು ಬಡ ಮಕ್ಕಳಿಗೆ ಇತ್ತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಅದು ಸಿಗಲ್ಲ ಅಂತ ಕರ್ನಾಟಕ 2019ರಲ್ಲಿ ಬದಲಾಯಿಸಿತು. ಆ ಬಾಗಿಲು ಮುಚ್ಚಿದ ಮೇಲೆ ಸರ್ಕಾರಿ ಶಾಲೆಯನ್ನಾದರೂ ಗಟ್ಟಿ ಮಾಡಬೇಕಿತ್ತು, ಅಲ್ವಾ? ಪ್ರತಿ ಹೈಸ್ಕೂಲಿಗೆ ಗಣಿತ, ವಿಜ್ಞಾನ, ಇಂಗ್ಲಿಷಿಗೆ ಜೂನ್ ಮೊದಲ ದಿನವೇ ಮೇಷ್ಟ್ರು ಇರಬೇಕು. ಅಷ್ಟಾದರೂ ಸಾಕು ಶುರುವಿಗೆ.

ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. ಸತ್ತವರ ಆಸ್ತಿಯ ಮೇಲಿನ ತೆರಿಗೆ ನಮ್ಮ ದೇಶದಲ್ಲಿ ಇತ್ತು, 1985ರಲ್ಲಿ ತೆಗೆದರು. ಸಂಪತ್ತಿನ ತೆರಿಗೆ ಇತ್ತು, 2015ರ ಬಜೆಟ್‌ನಲ್ಲಿ ತೆಗೆದರು. ಅದೇ ಪಿಕೆಟ್ಟಿ ತಂಡ 2024ರಲ್ಲಿ ಲೆಕ್ಕ ಮಾಡಿದೆ: 10 ಕೋಟಿಗಿಂತ ಮೇಲಿನ ಆಸ್ತಿಗೆ ವರ್ಷಕ್ಕೆ ಶೇ 2, ಅಷ್ಟು ದೊಡ್ಡ ಆಸ್ತಿ ಮಕ್ಕಳಿಗೆ ಹೋಗುವಾಗ ಶೇ 33. ಇದು ತಟ್ಟೋದು ದೇಶದ ವಯಸ್ಕರಲ್ಲಿ ಶೇ 0.04 ಜನಕ್ಕೆ, ಬರೋದು ಜಿಡಿಪಿಯ ಶೇ 2.73. ಈ ತೆರಿಗೆ ಹಾಕಿದರೆ ದುಡ್ಡು ದೇಶ ಬಿಟ್ಟು ಓಡುತ್ತೆ ಅಂತ ಹೇಳುವವರ ಮಾತನ್ನೂ ಓದಿದ್ದೇನೆ, ಅದನ್ನು ತಡೆಯೋ ದಾರಿ ಯೋಚಿಸಲೇಬೇಕು. ಆದರೆ ನನ್ನ ಕಣ್ಣ ಮುಂದಿರೋದು ಓಡಲಾಗದ ಆಸ್ತಿ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು, ರಸ್ತೆ ಬಂತು, ಅದರಲ್ಲಿ ಎಲ್ಲರ ದುಡ್ಡೂ ಇತ್ತು. ರಸ್ತೆ ಪಕ್ಕ ಮೊದಲೇ ಜಮೀನು ಕೊಂಡು ಇಟ್ಟಿದ್ದವರ ಬೆಲೆ ಹತ್ತಾರು ಪಟ್ಟು ಏರಿತು, ಅವರೇನೂ ಉಳಲಿಲ್ಲ, ಬಿತ್ತಲಿಲ್ಲ. ಆ ಏರಿಕೆಯಲ್ಲಿ ಒಂದು ಪಾಲು ಅದೇ ತಾಲ್ಲೂಕಿನ ಹಾಸ್ಟೆಲ್‌ಗೆ, ಶಾಲೆಗೆ ಬರಬೇಕು ಅಂತ ಕೇಳೋದು ಅತಿಯಾಸೆ ಅಲ್ಲ.

ಆಮೇಲೆ

ಜಮೀನು ಮಾರಲಿಲ್ಲ. ಅಜ್ಜಿ ಒಂದೇ ಮಾತಲ್ಲಿ ಮುಗಿಸಿದರು: "ನಾನಿರೋಗಂಟ ಆ ಕಾಗ್ದ ಯಾರಿಗೂ ಕೊಡಲ್ಲ." ಪೌತಿ ಖಾತೆಗೆ ಅರ್ಜಿ ಹಾಕಿಸಿದ್ದೇವೆ, ಅಜ್ಜಿಯ ಹೆಸರಿನಲ್ಲೂ ನಾಲ್ಕು ಮಕ್ಕಳ ಹೆಸರಿನಲ್ಲೂ. ದೊಡ್ಡಪ್ಪ ಪುಸ್ತಕದ ಖರ್ಚು ನಂದು ಅಂದರು. ಅವಳು ಕಾರ್ಖಾನೆ ಬಿಟ್ಟಳು. ಕೋಲಾರದಲ್ಲಿ ಎಂ.ಕಾಂ. ಸೀಟು ಸಿಕ್ಕಿತು. ಜೊತೆಗೆ ಬ್ಯಾಂಕ್ ಪರೀಕ್ಷೆಗೆ ಓದುತ್ತಾಳೆ, ವಾರಕ್ಕೆರಡು ಸಂಜೆ ಫೋನಿನಲ್ಲಿ ನಾನು ಲೆಕ್ಕ ಹೇಳಿಕೊಡುತ್ತೇನೆ.

ಹಾಸ್ಟೆಲ್ ಸಿಗಲಿಲ್ಲ. ವೇಟಿಂಗ್ ಪಟ್ಟಿಯಲ್ಲಿ 14ನೇ ಹೆಸರು. ಸದ್ಯಕ್ಕೆ ದಿನಾ ಹೋಗಿ ಬರುತ್ತಾಳೆ. ಊರಿಂದ ಚಿಂತಾಮಣಿ, ಚಿಂತಾಮಣಿಯಿಂದ ಕೋಲಾರ, ಒಂದು ಕಡೆಗೆ ಎರಡೂವರೆ ಗಂಟೆ. ಶಕ್ತಿ ಯೋಜನೆ ಇರೋದರಿಂದ ಟಿಕೆಟ್‌ಗೆ ದುಡ್ಡಿಲ್ಲ, ಅದಿಲ್ಲದಿದ್ದರೆ ಈ ಓದು ಇಲ್ಲ ಅಂತ ಅವಳೇ ಹೇಳಿದಳು. ಬೆಳಿಗ್ಗೆ ಆರಕ್ಕೆ ಮೊದಲ ಬಸ್ಸು. ಬೆಳೆ ಇದ್ದ ದಿನ ನಾಲ್ಕಕ್ಕೆ ಎದ್ದು ಸೊಪ್ಪು ಹಾಕಿಯೇ ಹೊರಡುತ್ತಾಳೆ, ಅವಳಪ್ಪ ಮಾಡುತ್ತಿದ್ದ ಹಾಗೆ.

ಮೊನ್ನೆ ಹೋಗಿದ್ದಾಗ ಆ ಹಸಿರು ಟ್ರಂಕ್ ಜಗಲಿಯ ಬಿಸಿಲಲ್ಲಿ ಬಾಯಿ ತೆರೆದುಕೊಂಡು ಇತ್ತು. ಒಳಗಿನ ಕಾಗದಗಳನ್ನೆಲ್ಲ ಅಜ್ಜಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾರೆ. ಯಾಕೆ ಅಂತ ಕೇಳಿದೆ. ಪಟ್ಟಿಯಲ್ಲಿ ಹೆಸರು 9ಕ್ಕೆ ಬಂದಿದೆಯಂತೆ, ಹಾಸ್ಟೆಲ್‌ನವರು ಯಾವತ್ತು ಕರೆದರೂ ತಡ ಆಗಬಾರದು ಅಂತ ತೊಳೆದು ಒಣಗೋಕೆ ಇಟ್ಟಿದ್ದಾರೆ.